ನುಸಿಯ ವೇಷ ತೊಟ್ಟ ಗಾಳ

"ಅಕ್ಕಾ, ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ, ಬರೀ ದಾರ ಸುತ್ತಿದ ಕೊಕ್ಕೆಗೆ ಮೀನು ಬೀಳ್ತದೆ ಅಂದ್ರೆ ಆ ಮೀನು ಎಂಥಾ ಪೆದ್ದು ಮಾರಾಯ್ತಿ!" ತೀರ್ಥಹಳ್ಳಿಯಿಂದ ತಮ್ಮ ಫೋನ್ ಮಾಡಿದಾಗಲೆಲ್ಲ ಹೀಗೆ ನಗುತ್ತಾನೆ. ನಮ್ಮದು ತುಂಗೆಯ ದಡದ ಹಳ್ಳಿ. ಮಳೆ ಹಿಡಿದ ಮೊದಲ ವಾರ ಗದ್ದೆಯ ಕಡೆ ಹತ್ತುವ ಮೀನಿಗೆ ಕೂಣಿ ಇಟ್ಟವರು, ಬೇಸಿಗೆಯಲ್ಲಿ ಬಿದಿರಿನ ಗಳಕ್ಕೆ ತಂಗೂಸಿ ಕಟ್ಟಿ ಬೆಂಡು ಮುಳುಗುವುದನ್ನೇ ಕಾಯುತ್ತ ಕೂತವರು ನಾವು. ಮೀನಿಗೆ ತಿನ್ನುವುದನ್ನು ಕೊಟ್ಟರೆ ಬರುತ್ತದೆ, ಕೊಡದಿದ್ದರೆ ಯಾಕೆ ಬಂದೀತು? ಅವನ ವಾದದಲ್ಲಿ ಹುರುಳಿದೆ. ಎರೆಹುಳ ಕೊಟ್ಟರೆ ಇಂಗ್ಲೆಂಡಿನ ಟ್ರೌಟ್ ಮೀನೂ ಸಂತೋಷದಿಂದ ನುಂಗುತ್ತದೆ. ಆದರೆ ನಾನು ಹೋಗುವ ಕೆರೆಯಲ್ಲಿ ಟ್ರೌಟ್ ಹಿಡಿಯಲು ಕೃತಕ ಹುಳ ಮಾತ್ರ ಬಳಸಬೇಕೆಂಬ ನಿಯಮವಿದೆ. ರುಚಿ ಇಲ್ಲ, ವಾಸನೆ ಇಲ್ಲ, ಜೀವವೂ ಇಲ್ಲ. ದಾರ, ತಂತಿ, ವಾರ್ನಿಶ್ ಇಷ್ಟರಲ್ಲೇ ಮೀನಿನ ಕಣ್ಣಿಗೆ ಮಣ್ಣೆರಚಬೇಕು. ಈ ಕಲೆಗೆ ಫ್ಲೈ ಫಿಶಿಂಗ್ ಎನ್ನುತ್ತಾರೆ. ಅದರಲ್ಲೂ ನಾನು ಬಿದ್ದಿರುವುದು ಕೆರೆಯ ನುಸಿಯನ್ನು ಅನುಕರಿಸುವ ಗಾಳದ ಹುಚ್ಚಿಗೆ.

ನಾನಿರುವುದು ಬ್ರಿಸ್ಟಲ್‌ನಲ್ಲಿ. ರಾಜಾರಾಮ ಮೋಹನ ರಾಯರು 1833ರಲ್ಲಿ ಕೊನೆಯುಸಿರೆಳೆದ ಊರು ಅಂದರೆ ಕೆಲವರಿಗೆ ನೆನಪಾದೀತು. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ರಜೆ ಸಿಕ್ಕಿದ ದಿನ ಊರಿನ ದಕ್ಷಿಣಕ್ಕಿರುವ ಚೂ ವ್ಯಾಲಿ ಲೇಕ್‌ಗೆ ಹೋಗುವುದು ಚಟ. ಲೇಕ್ ಎಂದು ಹೆಸರಿದ್ದರೂ ಅದು ಮನುಷ್ಯರು ಕಟ್ಟಿದ ಜಲಾಶಯ. ವಿಸ್ತಾರ ಸುಮಾರು 1,200 ಎಕರೆ. ಬ್ರಿಸ್ಟಲ್‌ನ ಕುಡಿಯುವ ನೀರಿಗಾಗಿ ಹೊಲ, ಹುಲ್ಲುಗಾವಲು, ಮೋರ್ಟನ್ ಎಂಬ ಸಣ್ಣ ಹಳ್ಳಿ ಎಲ್ಲವನ್ನೂ ಮುಳುಗಿಸಿ ಕಟ್ಟಿದ್ದು. 1956ರ ಏಪ್ರಿಲ್‌ನಲ್ಲಿ ರಾಣಿ ಎರಡನೇ ಎಲಿಜಬೆತ್ ಉದ್ಘಾಟಿಸಿದರು, ಮರುವರ್ಷ ಟ್ರೌಟ್ ಗಾಳಕ್ಕೆ ತೆರೆದರು. ಶರಾವತಿ ಮುಳುಗಡೆಯ ಕಥೆ ಕೇಳುತ್ತ ಬೆಳೆದ ನನಗೆ ಆ ನೀರಿನಡಿ ಯಾರದೋ ಅಂಗಳವಿದೆ ಎನ್ನುವುದು ಪ್ರತಿಸಲ ಮನಸ್ಸಿಗೆ ಬರುತ್ತದೆ. ಆ ಹಳೆಯ ಹೊಲಗಳ ಮಣ್ಣಿನ ಫಲವತ್ತತೆಯೇ ಇವತ್ತಿಗೂ ಕೆರೆಯನ್ನು ಸಾಕುತ್ತಿದೆ. ಸರಾಸರಿ ಆಳ 14 ಅಡಿಯಷ್ಟೇ. ಆದ್ದರಿಂದ ಬಹಳ ಕಡೆ ಬಿಸಿಲು ತಳ ಮುಟ್ಟುತ್ತದೆ, ತಳದಲ್ಲಿ ಮೆತ್ತನೆಯ ಕೆಸರಿದೆ. ಆ ಕೆಸರಿನಲ್ಲಿ ನಮ್ಮ ಕಥಾನಾಯಕನ ಸಂಸಾರ.

ಈ ನುಸಿಯ ಕುಟುಂಬದ ಶಾಸ್ತ್ರೀಯ ಹೆಸರು ಕೈರೊನೊಮಿಡೆ. ನೋಡಲು ಥೇಟ್ ಸೊಳ್ಳೆ, ಆದರೆ ಕಚ್ಚುವುದಿಲ್ಲ. ರಕ್ತ ಹೀರುವ ಕೊಳವೆಯೇ ಅದಕ್ಕಿಲ್ಲ. ಬ್ರಿಟನ್ ಒಂದರಲ್ಲೇ ಇದರ ಸುಮಾರು 600 ಪ್ರಭೇದಗಳಿವೆ. ಜಗತ್ತಿನಲ್ಲಿ ಇದು ಹೋಗದ ಜಾಗವಿಲ್ಲ. ಅಂಟಾರ್ಕ್ಟಿಕಾದ ನೆಲದಲ್ಲೇ ಹುಟ್ಟಿ ಅಲ್ಲೇ ಬಾಳುವ ಒಂದು ಕೀಟವಿದೆ, ರೆಕ್ಕೆಯಿಲ್ಲದ್ದು, ಕೆಲವೇ ಮಿಲಿಮೀಟರ್ ಉದ್ದದ್ದು. ಅದೂ ಇದೇ ಕುಟುಂಬದ ಕುಡಿ. ಸಂಜೆ ಹೊತ್ತು ಗಂಡುಗಳು ಪೊದೆಗಳ ಮೇಲೆ ಗುಂಪುಗೂಡಿ ಏಳುತ್ತ ಇಳಿಯುತ್ತ ಗುಂಯ್‌ಗುಡುತ್ತವೆ. ಆ ಸದ್ದಿನಿಂದಲೇ ಇಲ್ಲಿನ ಗಾಳಗಾರರು ಇದನ್ನು ಬಜರ್ ಎಂದು ಕರೆಯುವುದು. ಐರ್ಲೆಂಡಿನ ಲಾಕ್ ಕಾರಿಬ್ ಸರೋವರದಲ್ಲಿ ವಸಂತದ ಆರಂಭದಲ್ಲಿ ಏಳುವ ಇದರ ಒಂದು ಬಗೆಗೆ ಡಕ್‌ಫ್ಲೈ ಎನ್ನುತ್ತಾರೆ. ಅದರ ಕಾಲಕ್ಕೆಂದೇ ಜನ ಕೆಲಸಕ್ಕೆ ರಜೆ ಹಾಕುತ್ತಾರೆ.

ಹೆಣ್ಣು ನೀರಿನ ಮೇಲೆ ಲೋಳೆಯಂಥ ಮುದ್ದೆಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಹುಳ ತಳಕ್ಕಿಳಿದು ಕೆಸರಿನಲ್ಲಿ ತನ್ನದೇ ಕೊಳವೆ ಕಟ್ಟಿಕೊಂಡು ಕೂರುತ್ತದೆ. ಇವುಗಳಲ್ಲಿ ಹಲವಕ್ಕೆ ಕಡುಕೆಂಪು ಬಣ್ಣ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಆಹಾರವಾಗಿ ಮಂಜುಗಟ್ಟಿಸಿ ಮಾರುವ ಬ್ಲಡ್‌ವರ್ಮ್ ಇದೇ. ಆ ಕೆಂಪು ಎಲ್ಲಿಂದ ಬಂತು ಎಂದು ಮೊದಲು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತೆ. ದಿನವಿಡೀ ನಾನು ಅಳೆಯುವ ಹೀಮೋಗ್ಲೋಬಿನ್ ಅದು! ಕೀಟಗಳಲ್ಲಿ ಇದು ತೀರಾ ಅಪರೂಪ. ನಮ್ಮಲ್ಲಿ ಹೀಮೋಗ್ಲೋಬಿನ್ ಕೆಂಪು ರಕ್ತಕಣದೊಳಗೆ ಭದ್ರವಾಗಿರುತ್ತದೆ. ಈ ಹುಳದಲ್ಲಿ ಅದು ಕಣದ ಹಂಗಿಲ್ಲದೆ ನೇರವಾಗಿ ದೇಹದ್ರವದಲ್ಲೇ ಕರಗಿರುತ್ತದೆ. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಅದಕ್ಕಿರುವುದರಿಂದ, ಬೇರೆ ಜೀವಿಗಳು ಉಸಿರುಗಟ್ಟುವ ಕೊಳೆತ ಕೆಸರಿನಲ್ಲೂ ಈ ಹುಳ ಬದುಕುತ್ತದೆ. ಬ್ಲಡ್‌ವರ್ಮ್ ಮುಟ್ಟಿದವರಲ್ಲಿ ಕೆಲವರಿಗೆ ಮೈ ತುರಿಕೆ, ದಮ್ಮು ಬರುವುದುಂಟು, ಅದಕ್ಕೂ ಈ ಹೀಮೋಗ್ಲೋಬಿನ್ನೇ ಕಾರಣ. ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಮೀನಿಗೆ ಹಾಕಿದ ಮೇಲೆ ಕೈ ತೊಳೆದುಕೊಳ್ಳುವುದು ಒಳ್ಳೆಯದು.

ಗಾಳಗಾರನಿಗೆ ಬೇಕಾದದ್ದು ಮುಂದಿನ ಹಂತ, ಪ್ಯೂಪಾ. ಕೆಸರಿನೊಳಗೇ ಹುಳ ರೂಪ ಬದಲಿಸುತ್ತದೆ. ಮೈ ಅಲ್ಪವಿರಾಮ ಚಿಹ್ನೆಯಂತೆ ಬಾಗುತ್ತದೆ, ಎದೆ ಉಬ್ಬುತ್ತದೆ, ಹೊಟ್ಟೆಯ ಮೇಲೆ ಉಂಗುರ ಉಂಗುರ ಗೆರೆ. ತಲೆಯ ಪಕ್ಕದಲ್ಲಿ ಉಸಿರಾಟಕ್ಕೆಂದು ಬಿಳಿ ಎಳೆಗಳ ಕುಚ್ಚು. ರೆಕ್ಕೆ ಮೂಡುವ ಜಾಗದಲ್ಲಿ ಎಷ್ಟೋ ಪ್ರಭೇದಗಳಿಗೆ ಕಿತ್ತಳೆ ಬಣ್ಣದ ಗುರುತು. ಹೊತ್ತು ಕೂಡಿಬಂದಾಗ ಅದು ಕೊಳವೆ ಬಿಟ್ಟು ಹೊರಬಿದ್ದು ಮೇಲ್ಮೈಯ ಕಡೆ ಏರತೊಡಗುತ್ತದೆ. ಹೊರಚರ್ಮದೊಳಗೆ ಗಾಳಿ ತುಂಬಿಕೊಳ್ಳುವುದರಿಂದ ಬೆಳ್ಳಿಯ ಹೊಳಪು ಬರುತ್ತದೆ. ಒಂದಿಷ್ಟು ಒದ್ದಾಡುತ್ತದೆ, ನಿಲ್ಲುತ್ತದೆ, ಮತ್ತೆ ಒದ್ದಾಡುತ್ತದೆ. ನೀರಿನ ಮೇಲ್ಪದರದ ಬಿಗಿತ ಅದಕ್ಕೆ ಕೊನೆಯ ಅಡ್ಡಿ. ಅದರಡಿ ಸ್ವಲ್ಪ ಹೊತ್ತು ತೂಗಾಡಿ, ಬೆನ್ನು ಸೀಳಿಕೊಂಡು ಹೊರಬಂದು, ಕಳಚಿದ ಚರ್ಮವನ್ನು ನೀರಿನ ಮೇಲೆ ಬಿಟ್ಟು ಹಾರಿಹೋಗುತ್ತದೆ. ಗಾಳಿಯಲ್ಲಿ ಅದರ ಆಯುಷ್ಯ ಕೆಲವೇ ದಿನ. ಟ್ರೌಟ್‌ಗೆ ಬುದ್ಧಿವಂತಿಕೆ ಏನೂ ಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು. ಹಾರುವ ನುಸಿಯನ್ನು ಹಿಡಿಯಲು ನೆಗೆಯಬೇಕು, ಕೆಸರಿನ ಹುಳ ತಿನ್ನಲು ಮೂತಿಯಿಂದ ಕೆದಕಬೇಕು. ಏರುತ್ತಿರುವ ಪ್ಯೂಪಾ ಓಡಲಾರದು, ಅಡಗಲಾರದು. ಸಾವಿರಗಟ್ಟಲೆ ಒಟ್ಟಿಗೆ ಏರುವಾಗ ಮೀನು ಒಂದೇ ಮಟ್ಟದಲ್ಲಿ ನಿಧಾನವಾಗಿ ಈಜುತ್ತ ಬಾಯಿ ತೆರೆದು ಮುಚ್ಚಿದರೆ ಸಾಕು. ಇಂಥ ಹೊತ್ತಿನಲ್ಲಿ ಅದು ಬೇರೇನನ್ನೂ ತಿರುಗಿ ನೋಡುವುದಿಲ್ಲ. ತಮ್ಮನ ಪ್ರಶ್ನೆಗೆ ಉತ್ತರ ಇದೇ. ಮೀನು ನಮ್ಮ ಕೊಕ್ಕೆಯನ್ನು ನುಂಗುವುದು ಪೆದ್ದುತನದಿಂದಲ್ಲ, ತಿನ್ನುತ್ತಿರುವ ನೂರಾರರಲ್ಲಿ ಇದೂ ಒಂದು ಎಂಬ ರೂಢಿಯಿಂದ.

ಇದನ್ನು ಕಂಡುಕೊಳ್ಳಲು ಇಂಗ್ಲಿಷರಿಗೂ ಬಹಳ ಕಾಲ ಹಿಡಿಯಿತು. ಚೂ ಕೆರೆಯಿಂದ ಸ್ವಲ್ಪವೇ ದೂರದಲ್ಲಿ, ಮೆಂಡಿಪ್ ಗುಡ್ಡಗಳ ಬುಡದಲ್ಲಿ, ಬ್ಲಾಗ್ಡನ್ ಎಂಬ ಹಳೆಯ ಜಲಾಶಯವಿದೆ, 440 ಎಕರೆಯದು. 1904ರಲ್ಲಿ ಅದನ್ನು ಟ್ರೌಟ್ ಗಾಳಕ್ಕೆ ತೆರೆದರು. ಇಂಗ್ಲೆಂಡಿನ ಜಲಾಶಯಗಳ ಟ್ರೌಟ್ ಗಾಳದ ತವರು ಅಂದರೆ ಇದೇ. ಆಗಿನವರು ಸಾಮನ್ ಮೀನಿಗೆ ಬಳಸುವ ಬೆರಳುದ್ದದ, ಝಗಮಗಿಸುವ ಗರಿಯ ಕೊಕ್ಕೆಗಳನ್ನು ದಪ್ಪ ದಾರಕ್ಕೆ ಕಟ್ಟಿ ಎಸೆದು ಎಳೆಯುತ್ತಿದ್ದರು. ಅದಕ್ಕೂ ಮೀನು ಬೀಳುತ್ತಿತ್ತು. ಮೊದಲ ಮಹಾಯುದ್ಧದ ಬಳಿಕ ಆ ಕಡೆಯ ಹಳ್ಳಿಗೆ ವೈದ್ಯರಾಗಿ ಬಂದ ಡಾ. ಬೆಲ್ ಎಂಬವರು ಬೇರೆ ದಾರಿ ಹಿಡಿದರು. ಹಿಡಿದ ಮೀನಿನ ಹೊಟ್ಟೆ ಕೊಯ್ದು ಅದು ನಿಜಕ್ಕೂ ಏನು ತಿಂದಿದೆ ಎಂದು ನೋಡುತ್ತಿದ್ದರು. ಕಂಡದ್ದು ಸಣ್ಣ ಸಣ್ಣ ಪ್ಯೂಪಾ. ಅದರ ಅಳತೆಗೆ, ಅದರ ಬಣ್ಣಕ್ಕೆ ತಕ್ಕಂತೆ ಕಪ್ಪು ಉಣ್ಣೆಯ ಮೈ, ತಲೆಯ ಬಳಿ ಬಿಳಿ ಎಳೆಯ ಕುಚ್ಚು ಇಟ್ಟು ಅವರು ಕಟ್ಟಿದ ಬ್ಲಾಗ್ಡನ್ ಬಜರ್ ಇವತ್ತಿಗೂ ಪುಸ್ತಕಗಳಲ್ಲಿದೆ. ಪ್ರಚಾರವೆಂದರೆ ದೂರ ಸರಿಯುತ್ತಿದ್ದ ಮನುಷ್ಯ. ರೋಗಿಯ ಹೊಟ್ಟೆನೋವಿಗೆ ಊಹೆಯ ಮೇಲೆ ಔಷಧ ಕೊಡದೆ ಕಾರಣ ಹುಡುಕುವ ವೈದ್ಯರ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ. ಲ್ಯಾಬಿನವಳಾದ್ದರಿಂದ ಪಕ್ಷಪಾತವೂ ಇರಬಹುದು.

ಅವರ ನಂತರ ಜಾನ್ ಗಾಡರ್ಡ್ ಎಂಬ ಗಾಳಗಾರ ಕೆರೆಯ ಕೀಟಗಳ ಬಗ್ಗೆ 1969ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಮೇಲ್ಪದರದಡಿ ತೂಗಾಡುವ ಪ್ಯೂಪಾವನ್ನು ಅನುಕರಿಸಲು ಅವನು ಪ್ರಚಾರಕ್ಕೆ ತಂದ ಉಪಾಯ ನನಗೆ ಬಹಳ ಇಷ್ಟ. ಹೆಂಗಸರ ತೆಳು ಕಾಲುಚೀಲದ ಚೂರಿನಲ್ಲಿ ತೇಲುವ ಫೋಮಿನ ಪುಟ್ಟ ಗುಂಡು ಕಟ್ಟಿ ಕೊಕ್ಕೆಯ ತಲೆಗೆ ಬಿಗಿಯುವುದು. ಗುಂಡು ತೇಲುತ್ತದೆ, ಮೈ ಕೆಳಗೆ ನೇತಾಡುತ್ತದೆ. ನನ್ನ ಎಷ್ಟು ಕಾಲುಚೀಲ ಈ ಪುಣ್ಯಕಾರ್ಯಕ್ಕೆ ಹೋಗಿವೆ ಎಂದು ಮನೆಯವರನ್ನು ಕೇಳಬೇಕು.

ಚಳಿಗಾಲದ ರಾತ್ರಿಗಳಲ್ಲಿ ನಾನು ಇವನ್ನು ಅಡುಗೆಮನೆಯ ಮೇಜಿನ ಮೇಲೆ ಕಟ್ಟುತ್ತೇನೆ. ಕೊಕ್ಕೆಯನ್ನು ಸಣ್ಣ ಇಕ್ಕಳದಂಥ ಹಿಡಿಕೆಗೆ ಸಿಕ್ಕಿಸಬೇಕು. ಕೊಕ್ಕೆಗಳಿಗೆ ನಂಬರ್ ಇರುತ್ತದೆ, ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು. ಚೂ ಕೆರೆಗೆ ನಾನು ಸಾಮಾನ್ಯವಾಗಿ 10ರಿಂದ 14ರವರೆಗೆ ಬಳಸುತ್ತೇನೆ. ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಬಿಡಬೇಕಾದ ಮೀನಿಗೆ ಗಾಯ ಕಡಿಮೆ. ಕಪ್ಪು ದಾರವನ್ನು ಕೊಕ್ಕೆಯ ಕಣ್ಣಿನಿಂದ ಬಾಗಿನವರೆಗೆ ಸುತ್ತು ಸುತ್ತಿಗೂ ತಾಕುವಂತೆ ಸುತ್ತಿ, ಬಾಗನ್ನು ದಾಟಿ ತುಸು ಕೆಳಗಿಳಿಸಿ, ಅಲ್ಲಿ ಕೂದಲೆಳೆಯ ಬೆಳ್ಳಿತಂತಿ ಕಟ್ಟಿ ವಾಪಸು ಬರಬೇಕು. ತಂತಿಯನ್ನು ಸಮ ಅಂತರದಲ್ಲಿ ಮುಂದಕ್ಕೆ ಸುತ್ತಿದಾಗ ಹೊಟ್ಟೆಯ ಉಂಗುರಗಳು ಮೂಡುತ್ತವೆ. ಎದೆಗೆ ಇನ್ನಷ್ಟು ದಾರ, ಎರಡೂ ಬದಿಗೆ ಕಿತ್ತಳೆ ಬಣ್ಣದ ಚೂರು, ಎದುರಿಗೆ ಒಂದೆರಡು ಮಿಲಿಮೀಟರಿನ ಬಿಳಿ ಕುಚ್ಚು. ಮೇಲೊಂದು ತೊಟ್ಟು ಪಾರದರ್ಶಕ ರೆಸಿನ್ ಸವರಿ, ನೇರಳಾತೀತ ಬೆಳಕಿನ ಪುಟ್ಟ ಟಾರ್ಚ್ ಹಿಡಿದರೆ ಕ್ಷಣದಲ್ಲಿ ಗಾಜಿನಂತೆ ಗಟ್ಟಿ. ತೆಳ್ಳಗೆ, ನುಣ್ಣಗೆ ಇದ್ದಷ್ಟೂ ಬೇಗ ಮುಳುಗುತ್ತದೆ. ಹೊಸಬರು ಮಾಡುವುದೆಲ್ಲ ದಪ್ಪ. ದಾರ ಇನ್ನೂ ಉಳಿದಿದೆಯಲ್ಲ ಎಂಬ ಆಸೆ!

ಕಿತ್ತಳೆ ಚೂರಿನ ಬದಲು ಕೆಲವರು ಕೆನ್ನೆಗೆ ಜಂಗಲ್ ಕಾಕ್ ಗರಿ ಕಟ್ಟುತ್ತಾರೆ. ಗಾಳದ ಅಂಗಡಿಯಲ್ಲಿ ಆ ಹೆಸರಿನ ಪೊಟ್ಟಣ ಕೈಗೆತ್ತಿಕೊಂಡು ನೋಡಿದರೆ ಅದು ನಮ್ಮ ಮಲೆನಾಡಿನ ಬೂದು ಕಾಡುಕೋಳಿಯ ಕತ್ತಿನ ಗರಿ! ಮೇಣ ಮೆತ್ತಿದಂತೆ ಹೊಳೆಯುವ ಹಳದಿ ಮಿಶ್ರಿತ ಬಿಳಿ ಚುಕ್ಕೆ ನೀರಿನಲ್ಲೂ ಮಂಕಾಗುವುದಿಲ್ಲ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದ ಕಾಡಿನಿಂದ ಈ ಹಕ್ಕಿಯ ಚರ್ಮಗಳು ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಭಾರತ ರಫ್ತು ನಿಲ್ಲಿಸಿ ದಶಕಗಳೇ ಆದವು. ಈಗ ಸಿಗುವುದು ಇಲ್ಲಿಯೇ ಗೂಡಿನಲ್ಲಿ ಸಾಕಿದ ಕೋಳಿಗಳ ಗರಿ, ಬೆಲೆಯೂ ಹಾಗೇ ಇದೆ. ಬೆಳಗಿನ ಜಾವ ನಮ್ಮ ಮನೆ ಹಿಂದಿನ ಕಾನಿನಲ್ಲಿ ಕೂಗುತ್ತಿದ್ದ ಹಕ್ಕಿಯ ಗರಿಗೆ ಪೌಂಡು ತೆರಲು ನನಗೆ ಮನಸ್ಸು ಬರುವುದಿಲ್ಲ. ಕಿತ್ತಳೆ ಬಣ್ಣದ ನೂಲಿಗೂ ಮೀನು ಬೀಳುತ್ತದೆ.

ಇನ್ನು ಹಿಡಿಯುವ ವಿಧಾನ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಹೇಳಿಕೊಳ್ಳುವಂಥ ತೂಕವಿರುವುದಿಲ್ಲ, ಹಾಗಾಗಿ ನಮ್ಮ ಗಾಳದ ಹಾಗೆ ಅದನ್ನು ಬೀಸಿ ಎಸೆಯಲಾಗದು. ಇಲ್ಲಿ ದಾರಕ್ಕೇ ತೂಕ. ಪ್ಲಾಸ್ಟಿಕ್ ಹೊದಿಕೆಯ, ನೀರಿನ ಮೇಲೆ ತೇಲುವ ದಪ್ಪ ಲೈನ್ ಅನ್ನು 10 ಅಡಿಯ ಗಳದಿಂದ ಹಿಂದಕ್ಕೆ ಮುಂದಕ್ಕೆ ಬೀಸಿ ಬಿಟ್ಟರೆ ಅದು ತನ್ನ ಹಿಂದೆ ಸಣ್ಣ ತಂಗೂಸಿಯನ್ನೂ ಕೊಕ್ಕೆಯನ್ನೂ ಒಯ್ಯುತ್ತದೆ. ಬಜರ್ ಗಾಳಕ್ಕೆ ಆ ತಂಗೂಸಿ 15–20 ಅಡಿ ಉದ್ದವಿರಬೇಕು, ಅದರಲ್ಲಿ ಅಂತರ ಬಿಟ್ಟು ಮೂರು ಕೊಕ್ಕೆ. ತುದಿಯಲ್ಲಿ ಎಲ್ಲಕ್ಕಿಂತ ಭಾರದ್ದು. ದೋಣಿಗೆ ಲಂಗರು ಹಾಕಿ, ಗಾಳಿಗೆ ಅಡ್ಡಲಾಗಿ ಬೀಸಿ, ಕೊಕ್ಕೆಗಳು ಇಳಿಯಲು ಬಿಡಬೇಕು. ಮೇಲೆ ತೇಲುವ ಲೈನನ್ನು ಗಾಳಿ ಬಿಲ್ಲಿನಂತೆ ಬಾಗಿಸುತ್ತದೆ, ಆ ಬಾಗಿನ ಎಳೆತಕ್ಕೆ ಕೊಕ್ಕೆಗಳು ಏರುವ ಪ್ಯೂಪಾದ ವೇಗದಲ್ಲೇ ಸರಿಯುತ್ತವೆ. ನಮ್ಮ ಕೆಲಸ ಲೈನ್ ಸಡಿಲಾಗದಂತೆ ಬೆರಳುಗಳಲ್ಲಿ ಒಂದಿಷ್ಟೊಂದಿಷ್ಟೇ ಮಡಚಿಕೊಳ್ಳುವುದಷ್ಟೇ.

ಇದೇ ಕಷ್ಟ. ನನ್ನ ದೋಣಿಯ ಜೊತೆಗಾರ ಬ್ರಿಸ್ಟಲ್‌ನಲ್ಲಿ ಬಸ್ ಓಡಿಸಿ ನಿವೃತ್ತನಾದ ಅಜ್ಜ. ಅವನು ಎರಡು ಮೀನು ಹಿಡಿದು ಚಹಾ ಕುಡಿಯುತ್ತಿರುವಾಗ ನನಗೆ ಒಂದೂ ಬಿದ್ದಿರಲಿಲ್ಲ. ಕೊಕ್ಕೆ ಅದೇ, ಉದ್ದ ಅದೇ.

"ನಾನೇನು ಮಾಡಬೇಕು?" ಎಂದೆ.

"ಈಗ ಮಾಡ್ತಾ ಇರೋದರಲ್ಲಿ ಅರ್ಧ ಮಾಡು."

ಮಾಡಿದೆ. ಆಗಲೂ ಇಲ್ಲ.

"ಅದರಲ್ಲೂ ಅರ್ಧ."

ಅಂದರೆ ಕೈ ಆಡಿಸುವುದನ್ನೇ ಬಿಡು ಎಂದರ್ಥ. ಬಿಟ್ಟೆ. ಗಾಳಿ ಲೈನನ್ನು ತನ್ನ ಪಾಡಿಗೆ ಸರಿಸುತ್ತಿತ್ತು. ನೋಡನೋಡುತ್ತಿದ್ದ ಹಾಗೆ ಬಾಗಿದ್ದ ಲೈನ್ ನೆಟ್ಟಗಾಯಿತು, ಗಳ ಕೈಯಲ್ಲಿ ಜಗ್ಗಿತು. ಟ್ರೌಟ್ ಬಜರ್ ತೆಗೆದುಕೊಳ್ಳುವ ರೀತಿ ಹೀಗೆ. ಗಾಳಿಗೆ ಎದುರಾಗಿ ಈಜುತ್ತ ನುಂಗಿ ಮುಂದೆ ಹೋಗುತ್ತದೆ, ನಮಗೆ ಗೊತ್ತಾಗುವುದು ಲೈನಿನಲ್ಲಿ. ಎಷ್ಟೋ ಸಲ ಮೀನು ಬಾಯಿಗೆ ಹಾಕಿ ಉಗುಳಿದ್ದೂ ತಿಳಿಯುವುದಿಲ್ಲ. ಅದಕ್ಕೇ ನೀರಿನಲ್ಲಿ ಬಿದ್ದಿರುವ ಲೈನಿನ ತುದಿಯಿಂದ ಕಣ್ಣು ಕೀಳಬಾರದು.

ಆಳ ತಪ್ಪಿದರೆ ಮಾತ್ರ ಇದೆಲ್ಲ ವ್ಯರ್ಥ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯ ಮುಕ್ಕಾಲು ಪಾಲು ಆಳ. ಬಣ್ಣ, ಅಳತೆ, ದುಬಾರಿ ಗಳ ಎಲ್ಲ ಸೇರಿ ಉಳಿದ ಕಾಲು. ಅಂಗಡಿಯವರು ಈ ಮಾತು ಒಪ್ಪಲಾರರು. ಬೆಳಿಗ್ಗೆ ಪ್ಯೂಪಾ ತಳ ಬಿಡುತ್ತಿರುವಾಗ ಮೀನು ತಳದಿಂದ ಎರಡಡಿ ಮೇಲಿರುತ್ತದೆ. ಮೋಡ ಕವಿದರೆ, ಸಂಜೆಯಾದರೆ ಮೇಲ್ಮೈಯಿಂದ ಒಂದಡಿ ಕೆಳಗೆ. ಗಾಳಿಯೇ ಇಲ್ಲದ ಸಂಜೆ ಮೇಲ್ಪದರ ಬಿಗಿಯಾಗಿ ಪ್ಯೂಪಾಗಳು ಹೊರಬರಲಾರದೆ ಸಿಕ್ಕಿಬಿದ್ದಾಗ ಮೀನುಗಳು ಬೆನ್ನುರೆಕ್ಕೆ ತೋರಿಸುತ್ತ ಅಲ್ಲಲ್ಲೇ ಉರುಳುತ್ತವೆ. ಆಗ ತಳದಲ್ಲಿ ಕೊಕ್ಕೆ ಇಳಿಸಿ ಕೂತರೆ ಬರಿಗೈ. ಮೂರು ಕೊಕ್ಕೆ ಕಟ್ಟುವುದು ದುರಾಸೆಗಲ್ಲ, ಮೂರು ಮಟ್ಟ ತಡಕುವುದಕ್ಕೆ.

ಮೊದಲ ಮೀನು ಸಿಕ್ಕ ಮೇಲೆ ಊಹೆಗೆ ಕೆಲಸವಿಲ್ಲ. ಅಡುಗೆಗೆಂದು ಇಟ್ಟುಕೊಳ್ಳುವ ಮೀನನ್ನು ತಲೆಗೆ ಒಂದೇ ಪೆಟ್ಟು ಕೊಟ್ಟು ಕೊಂದ ಬಳಿಕ, ಉದ್ದನೆಯ ಕಿರುಚಮಚವೊಂದನ್ನು ಗಂಟಲಿನ ಮೂಲಕ ಹೊಟ್ಟೆಗಿಳಿಸಿ ತಿರುಗಿಸಿ ಹೊರತೆಗೆಯುತ್ತೇನೆ. ಎಲುಬಿನೊಳಗಿನ ಮಜ್ಜೆ ತೆಗೆದು ತಿನ್ನಲು ಇಂಗ್ಲಿಷರು ಮಾಡಿಕೊಂಡಿದ್ದ ಚಮಚದ ವಂಶ ಇದು. ಅದರಲ್ಲಿ ಬಂದದ್ದನ್ನು ಬಿಳಿ ಬಟ್ಟಲಿನ ನೀರಿಗೆ ಹಾಕಿ ಕದಡಿದರೆ ಆ ಬೆಳಗಿನ ಊಟದ ಪಟ್ಟಿ ಕಣ್ಣೆದುರಿಗೆ. ಒಮ್ಮೆ ಮೇ ತಿಂಗಳಲ್ಲಿ ನೋಡಿದ ಬಟ್ಟಲು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತುಂಬ ಕಪ್ಪು ಪ್ಯೂಪಾಗಳು, ಎಲ್ಲವೂ ಒಂದೇ ಅಳತೆ. ನಡುವೆ ನಾಲ್ಕಾರು ಕೆಂಪು ಹುಳ, ಒಂದಿಷ್ಟು ಡ್ಯಾಫ್ನಿಯಾ ಎಂಬ ನೀರಚಿಗಟದ ಹಸಿರು ಲೋಳೆ. ಕೆಲವು ಪ್ಯೂಪಾಗಳು ಇನ್ನೂ ಜೀವಂತ! ಬೆಳ್ಳಿ ಹೊಳಪಿನ ಮೈಯನ್ನು ಎಂಟರ ಆಕಾರದಲ್ಲಿ ಹೊರಳಿಸುತ್ತ ಬಟ್ಟಲಿನಲ್ಲೇ ಮೇಲೇರಲು ನೋಡುತ್ತಿದ್ದವು. ನನ್ನ ಪೆಟ್ಟಿಗೆಯಲ್ಲಿದ್ದ ಒಂದು ಕೊಕ್ಕೆಯನ್ನು ಪಕ್ಕದಲ್ಲಿ ಬಿಟ್ಟು ಹೋಲಿಸಿದೆ. ನನ್ನದು ಒಂದೂವರೆ ಪಟ್ಟು ದಪ್ಪ, ಕೆನ್ನೆಯ ಕಿತ್ತಳೆ ಢಾಳು. ಸಣ್ಣದಕ್ಕೆ ಬದಲಿಸಿದೆ. ಲ್ಯಾಬಿನಲ್ಲಾದರೂ ವರದಿ ಇಷ್ಟು ಬೇಗ ಕೊಡಲಾಗುವುದಿಲ್ಲ.

ಬೆಂಡಿನ ವಿಚಾರ ಹೇಳದಿದ್ದರೆ ತಮ್ಮ ಕೋಪಿಸಿಕೊಂಡಾನು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕ್ಯಾಮ್‌ಲೂಪ್ಸ್ ಎಂಬ ಪಟ್ಟಣವಿದೆ. ಅದರ ಸುತ್ತಲಿನ ಎತ್ತರದ ನೂರಾರು ಸರೋವರಗಳು ರೇನ್‌ಬೋ ಟ್ರೌಟ್‌ಗೆ ಹೆಸರುವಾಸಿ. ಅಲ್ಲಿ ಜ್ಯಾಕ್ ಶಾ ಎಂಬ ಗಾಳಗಾರ ಮನೆಯ ಅಕ್ವೇರಿಯಂನಲ್ಲೇ ಕೀಟಗಳನ್ನು ಸಾಕಿ ಅವುಗಳ ನಡೆ ನೋಡಿ ಕೊಕ್ಕೆ ಕಟ್ಟುತ್ತಿದ್ದ. ಮೀನುಗಾರಿಕಾ ವಿಜ್ಞಾನಿ ಬ್ರಯಾನ್ ಚಾನ್ ಈ ವಿದ್ಯೆಯನ್ನು ಊರೂರಿಗೆ ಹಬ್ಬಿಸಿದರು. ಅವರ ಪದ್ಧತಿಯಲ್ಲಿ ಬೀಸುವುದಕ್ಕಿಂತ ನೇತುಹಾಕುವುದೇ ಹೆಚ್ಚು. ದೋಣಿಯ ಎರಡೂ ತುದಿಗೆ ಲಂಗರು ಹಾಕಿ ಅಲುಗದಂತೆ ನಿಲ್ಲಿಸುತ್ತಾರೆ. ವೈದ್ಯರು ಬಳಸುವಂಥ ಫೋರ್ಸೆಪ್ಸ್ ಒಂದನ್ನು ಕೊಕ್ಕೆಗೆ ಕಚ್ಚಿಸಿ ನೀರಿಗಿಳಿಸುತ್ತಾರೆ. ಅದು ತಳ ಮುಟ್ಟಿದಾಗ ತಂಗೂಸಿಯ ಅಳತೆ ಸಿಕ್ಕಿತು. ಅಲ್ಲಿಂದ ಒಂದಡಿ ಮೇಲಕ್ಕೆ ಬರುವಂತೆ ಬಣ್ಣದ ಬೆಂಡು ಬಿಗಿದು, ಫೋರ್ಸೆಪ್ಸ್ ತೆಗೆದು, 20 ಅಡಿ ಆಳದಲ್ಲಿ ಕೊಕ್ಕೆಯನ್ನು ತೂಗಬಿಟ್ಟು ಕಾಯುತ್ತಾರೆ. ಮೀನು ಎಳೆದೊಡನೆ ಬೆಂಡು ಬಿಗಿತ ಕಳೆದುಕೊಂಡು ಜಾರುವ ಹಾಗೆ ಒಂದು ಜಾಣ್ಮೆಯ ಸಣ್ಣ ಕಡ್ಡಿಯೂ ಅದರಲ್ಲಿದೆ. ಇಲ್ಲದಿದ್ದರೆ ಅಷ್ಟುದ್ದದ ತಂಗೂಸಿಯ ತುದಿಯ ಮೀನನ್ನು ಬಲೆಯವರೆಗೆ ತರುವುದು ಹೇಗೆ?

ಇಂಗ್ಲೆಂಡಿನ ಮಡಿವಂತರಿಗೆ ಬೆಂಡು ಕಂಡರಾಗದು. ಅದು ಫ್ಲೈ ಫಿಶಿಂಗೇ ಅಲ್ಲ ಎನ್ನುತ್ತಾರೆ, ಎಷ್ಟೋ ಸ್ಪರ್ಧೆಗಳಲ್ಲಿ ನಿಷೇಧವೂ ಇದೆ. ನಾನು ಈ ಜಗಳದಲ್ಲಿ ಕೆನಡಾದವರ ಕಡೆ. ಆಳವೇ ಮುಖ್ಯ ಎಂದ ಮೇಲೆ ಆಳವನ್ನು ಖಚಿತವಾಗಿ ಕಾಯುವ ಸಾಧನಕ್ಕೆ ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ. ಆದರೂ ಗಾಳಿ ಚೆನ್ನಾಗಿರುವ ದಿನ ಬೆಂಡನ್ನು ಪೆಟ್ಟಿಗೆಯಲ್ಲೇ ಬಿಡುತ್ತೇನೆ. ಲೈನ್ ನೆಟ್ಟಗಾಗುವ ಆ ಗಳಿಗೆ ಬೆಂಡಿನಲ್ಲಿ ಸಿಗದು.

ಮೀನನ್ನು ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಚೂ ಮತ್ತು ಬ್ಲಾಗ್ಡನ್‌ಗಳಲ್ಲಿರುವ ರೇನ್‌ಬೋ ಟ್ರೌಟ್ ಮೂಲತಃ ಉತ್ತರ ಅಮೆರಿಕದ ಪಶ್ಚಿಮದ್ದು, ಇಲ್ಲಿಗೆ ತಂದು ಸಾಕಿ ಕೆರೆಗೆ ಬಿಟ್ಟದ್ದು. ಟಿಕೆಟಿನಲ್ಲಿ ಬರೆದಷ್ಟನ್ನು ಮನೆಗೆ ತರಬಹುದು. ಬ್ರೌನ್ ಟ್ರೌಟ್ ಈ ನೆಲದ್ದೇ, ಅದನ್ನು ನಾನು ಬಿಟ್ಟುಬಿಡುತ್ತೇನೆ. ಬರೀ ಆಟಕ್ಕೆ ಮೀನನ್ನು ಕೊಕ್ಕೆಗೆ ಸಿಕ್ಕಿಸಿ ಮತ್ತೆ ಬಿಡುವುದು ಹಿಂಸೆಯೆನ್ನುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಊಟಕ್ಕೆ ಬೇಕಾದಷ್ಟು ಆದೊಡನೆ ಗಳ ಮಡಚುವುದು ನಾನು ಇಟ್ಟುಕೊಂಡ ಕ್ರಮ. ಟ್ರೌಟ್‌ನ ಸಪ್ಪೆ ಮಾಂಸ ಮೀನುಸಾರಿಗೆ ಹೇಳಿಸಿದ್ದಲ್ಲ. ವಾಟೆಹುಳಿಯ ಖಾರ ಅದನ್ನು ನುಂಗಿಹಾಕುತ್ತದೆ. ಕಾಳುಮೆಣಸು, ಅರಿಸಿನ, ಉಪ್ಪು ಸವರಿ ಕಾವಲಿಯಲ್ಲಿ ಚರ್ಮ ಗರಿಗರಿಯಾಗುವಂತೆ ಹುರಿದು ಅಕ್ಕಿರೊಟ್ಟಿಯ ಜೊತೆ ತಿಂದರೆ ಸೊಗಸು.

ಟ್ರೌಟ್‌ಗೆ ತಣ್ಣೀರು ಬೇಕು. ಬ್ರಿಟಿಷರು ನೀಲಗಿರಿಗೂ ಮುನ್ನಾರ್‌ಗೂ ಕಾಶ್ಮೀರಕ್ಕೂ ತಂದುಬಿಟ್ಟದ್ದು ಅದಕ್ಕೇ. ನಮ್ಮ ಕರ್ನಾಟಕದ ಕೆರೆಗಳು ಅದಕ್ಕೆ ಆಗಿಬರುವುದಿಲ್ಲ. ಆದರೆ ಹುಳಕ್ಕೆ ಆ ತೊಂದರೆಯಿಲ್ಲ. ಕೊಳಚೆ ಸೇರುವ ಬೆಂಗಳೂರಿನ ಕೆರೆಯ ಕೆಸರಿನಲ್ಲೂ ಕೆಂಪು ಹುಳ ಹಾಯಾಗಿದೆ. ಬೇರೇನೂ ಇಲ್ಲದೆ ಅದೊಂದೇ ತುಂಬಿಕೊಂಡಿದ್ದರೆ ನೀರು ಕೆಟ್ಟಿದೆ ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವವರು ಗಾಳಿ ತಂದು ದಡಕ್ಕೆ ಒತ್ತುವ ನೊರೆಯನ್ನು ಬಗ್ಗಿ ನೋಡಿ. ಅದರಲ್ಲಿ ಅಕ್ಕಿ ಕಾಳಿಗಿಂತ ತುಸು ಉದ್ದದ, ಪಾರದರ್ಶಕವಾದ ಖಾಲಿ ಚರ್ಮಗಳು ಸಿಕ್ಕರೆ ಅವು ರಾತ್ರಿ ಹಾರಿಹೋದ ಈ ನುಸಿಗಳು ಬಿಟ್ಟುಹೋದ ಅಂಗಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ಗಾಳ ಹಾಕಿ ನೋಡುವ ಆಸೆಯಾದರೆ ಮೊದಲು ಎನ್ವಿರಾನ್ಮೆಂಟ್ ಏಜೆನ್ಸಿಯ ರಾಡ್ ಲೈಸೆನ್ಸ್ ಮಾಡಿಸಿ. 13 ವರ್ಷದೊಳಗಿನ ಮಕ್ಕಳಿಗೆ ಅದು ಬೇಕಿಲ್ಲ, 13ರಿಂದ 16ರವರಿಗೆ ಉಚಿತ. ಆಯಾ ಕೆರೆಯ ದಿನದ ಟಿಕೆಟ್ ಬೇರೆ ಕೊಳ್ಳಬೇಕು. ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಮೊದಲ ಸಲ ಬೀಸಲು ಕಲಿಸುವವರ ಜೊತೆಗೇ ಹೋಗಿ, ದೋಣಿ ಹತ್ತುವ ಮುನ್ನ ಲೈಫ್ ಜಾಕೆಟ್ ಹಾಕಿ. ಟೋಪಿ, ಕನ್ನಡಕ ಇಲ್ಲದೆ ಮಾತ್ರ ಗಳ ಮುಟ್ಟಬೇಡಿ. ಗಾಳಿ ತಿರುಗಿದರೆ ಕೊಕ್ಕೆ ಮೊದಲು ಬರುವುದು ನಿಮ್ಮ ಕಿವಿಗೇ.